ಸೊನ್ನೆಗಿಳಿಯುವ ತನಕ

ಲಾಂಗ್ಟನ್ನಿನ ಮೂರನೇ ಆವಿಗೆ ತಣ್ಣಗಾಗಲು
ಮೂವತ್ತು ಗಂಟೆ ಬೇಕು.
ಅಲ್ಲಿಯ ತನಕ ಕ್ಲೂಲೊ ಏನೂ ಅನ್ನುವವನಲ್ಲ,
ಚಹದ ಲೋಟವನ್ನು ನನ್ನ ಕಡೆ ಸರಿಸುತ್ತಾನೆ, ಅಷ್ಟೆ.

ಪ್ಯಾನೆಲ್ಲಿನ ಬಾಗಿಲು ತೆಗೆದು ಮಂಡಿಯೂರಿ ಕೂತಿದ್ದೇನೆ.
ಇದು ಥೈರಿಸ್ಟರು. ಅರ್ಧ ಇಟ್ಟಿಗೆಯಷ್ಟು ಕಪ್ಪು ಡಬ್ಬಿ.
ಗೇಟಿಗೆ ಚಿಟಿಕೆ ಕರೆಂಟು ಕೊಟ್ಟರೆ ಸಾಕು
ನೂರೈವತ್ತು ಆಂಪಿಯರ್ ಬಿಟ್ಟುಕೊಡುತ್ತದೆ.
ಬಿಟ್ಟ ಮೇಲೆ ಹಿಡಿಯಲು ಬಾರದು ಅದಕ್ಕೆ.
ಗೇಟು ಸುಮ್ಮನಾದರೂ, ಬೇಡ ಬೇಡವೆಂದರೂ
ಅಲೆ ತಾನಾಗಿ ಸೊನ್ನೆಗಿಳಿಯುವ ತನಕ
ಹರಿಯುತ್ತಲೇ ಇರುತ್ತದೆ.
ಮಾತು ಆಡಿದರೆ ಹೋಯಿತು, ಅನ್ನುತ್ತಿದ್ದಳು ಅಮ್ಮ,
ಈ ಡಬ್ಬಿಯ ಸುದ್ದಿ ಅವಳಿಗೆ ಗೊತ್ತಿರಲಿಲ್ಲ.
ಸೆಕೆಂಡಿಗೆ ನೂರು ಸಲ ಬಾಯಿ ಮುಚ್ಚುವ ಅವಕಾಶ ಇದಕ್ಕೆ.
ನನಗೆ ಅಷ್ಟಿಲ್ಲ.

ಅದಕ್ಕೇ ಸುತ್ತ ಇಷ್ಟೊಂದು ಕಾವಲು.
ಫ್ಯಾನು ನಿಂತು ಅಲ್ಯೂಮಿನಿಯಂ ರೆಕ್ಕೆ ಸುಟ್ಟರೆ
ಗೇಟನ್ನೇ ತಡೆಯುವ, ನಾಣ್ಯದಗಲದ ಸ್ವಿಚ್ಚು.
ತಣ್ಣಗಿದ್ದ ತಂತಿಗೆ ಒಮ್ಮೆಲೇ ಬಡಿಸದೆ
ತುತ್ತು ತುತ್ತಾಗಿ ಏರಿಸುವ ಮಿತಿ.
ಮತ್ತೆ, ಮರಳು ತುಂಬಿದ ಫ್ಯೂಸು:
ಒಳಗೆ ಬೆಳ್ಳಿಯ ಪಟ್ಟಿ, ಸೊಂಟ ಕೊರೆದದ್ದು.
ಥೈರಿಸ್ಟರಿಗಿಂತ ಮೊದಲು ಸಾಯುವುದೇ ಅದರ ಕಸುಬು.
ಬೆಲೆ ನಲವತ್ತು ಪೌಂಡು. ಸಾಯೋದಕ್ಕೆ ಇಷ್ಟಾ ಅಂತ
ಸ್ಟೋರಿನ ಮೌರೀನ್ ಬ್ರಿಂಡ್ಲಿ ಪ್ರತಿ ಸಲ ಕೇಳುತ್ತಾಳೆ.

ಈ ಸಲ ಫ್ಯೂಸು ಸಾಯಲಿಲ್ಲ. ಸಾಯುವಂಥದ್ದು ನಡೆಯಲೂ ಇಲ್ಲ.
ಡಬ್ಬಿ ಮೆಲ್ಲಗೆ ಹೋಯಿತು, ಮುದುಕಿಯೊಬ್ಬಳು
ನಿದ್ದೆಯಲ್ಲಿ ಹೋದ ಹಾಗೆ. ಆದರೆ ಈ ಜಾತಿ
ಬಾಗಿಲು ಮುಚ್ಚಿ ಸಾಯುವುದು ಅಪರೂಪ.
ಹಾರುಹೊಡೆದಿಟ್ಟೇ ಸಾಯುತ್ತದೆ.
ಕೇಳದೆ ಹರಿಯಿತು ಕರೆಂಟು, ರಾತ್ರಿ ಎರಡು ಇಪ್ಪತ್ತರಿಂದ.
ಕೊನೆಯ ಕಾವಲು, ಆ ದಪ್ಪ ಕಾಂಟ್ಯಾಕ್ಟರು,
ಧಡ್ ಎಂದು ಬಿದ್ದು ಕಟ್ಟಡ ಉಳಿಸಿತು.
ಪಿಂಗಾಣಿ ಉಳಿಸಲಿಲ್ಲ.
ಇಣುಕುಗಿಂಡಿಯಲ್ಲಿ ನೋಡಿದೆ: ತಟ್ಟೆಗೆ ತಟ್ಟೆ ಒರಗಿ
ಮಡಿಚಿದ ರೊಟ್ಟಿಯ ಹಾಗೆ, ಇನ್ನೂ ಕೆಂಪಗೆ.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.
ಇಲ್ಲಿ ದೊಣ್ಣೆಯೂ ಬೇಕಾಗಲಿಲ್ಲ.

ಕೂಗಬೇಕಾದದ್ದು ಈ ಪೀಪಿ.
ಸುರುಳಿ ಕಡಿದರೆ, ಥೈರಿಸ್ಟರು ಕೂಡಿಕೊಂಡರೆ ಕೂಗುವುದು.
ಪಕ್ಕದ ಗಿರಣಿಯ ಮೋಟಾರು ಎದ್ದರೂ ಕೂಗುವುದು,
ಒಂದು ವಾರ, ಊಟದ ಹೊತ್ತಿಗೆ ಸರಿಯಾಗಿ.
ಅದರ ಬಾಯಿಗೆ ಟೇಪು, ಎರಡು ಸುತ್ತು.
ಟೇಪಿನ ಮೇಲೆ ಬರಹ.

ಕ್ಲೂಲೊ ಬಗ್ಗಿ ನೋಡುತ್ತಾನೆ, ಕನ್ನಡಕ ಏರಿಸುತ್ತಾನೆ.
ಜಿಲೇಬಿಯಂಥ ಅಕ್ಷರ, ಅವಸರದ್ದು,
ಅವಸರದಲ್ಲಿ ನನ್ನ ಕೈಗೆ ಬರುವುದು ಅದೊಂದೇ.
ಈ ಊರಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ.
'ಏನಂತೆ ಇದು?' ಅಂದ.

ಫ್ಯಾನು ನಿಂತಿದೆ. ಆವಿಗೆಯ ಇಟ್ಟಿಗೆ
ಟಿಕ್ ಟಿಕ್ ಎನ್ನುತ್ತ ಕುಗ್ಗುತ್ತಿದೆ.

'ಸುಳ್ಳು ಕೂಗು,' ಅಂದೆ. 'ನಾಳೆ ನೋಡುವೆ.'
ಅಂದ ಮೇಲೆ ನಿಲ್ಲಲಿಲ್ಲ. ತಾರೀಖು ಹೇಳಿದೆ,
ಯಾವ ಊಟ, ಯಾವ ಟೇಪು,
ಮೊದಲನೇ ಆವಿಗೆಯಲ್ಲೂ ಹೀಗೇ ಒಂದಿದೆ ಎಂದೂ.