ಕಾಲು ಸುತ್ತು ಹಿಂದೆ

ರುಸ್ತಾವಿಯ ಒಂಬತ್ತನೇ ಬ್ಲಾಕಿನ ಹಿಂದೆ
ಸಾಲು ಗ್ಯಾರೇಜುಗಳು. ನಮ್ಮದರಲ್ಲಿ ಕಾರಿಲ್ಲ.
ಶಾಲ್ವಾ ಮಾವನ ವೈಸು, ಖಾಲಿ ಜಾಡಿಗಳು,
ಬೆಂಚಿನ ಮೇಲೆ, ನಿನ್ನೆ ಇಬ್ಬರು ಹೊತ್ತು ತಂದ
ನಲವತ್ತು ಮಿಲ್ಲಿ ದಪ್ಪದ ಉಕ್ಕು.

ಹೋದ ಸುಗ್ಗಿಯಲ್ಲಿ ದ್ರಾಕ್ಷಿ ಹಿಂಡುವ ಯಂತ್ರದ
ಎರಕದ ಅಡ್ಡಪಟ್ಟಿ ಬಿರುಕು ಬಿಟ್ಟಿತು.
ಹೊಸದಕ್ಕೆ ಕೇಳಿದ ಬೆಲೆಗೆ ಮಾವ ನಕ್ಕ,
ಬಾಗಿಲು ಮುಚ್ಚಿದ ಕಾರ್ಖಾನೆಯ ಗುಜರಿಗೆ ಹೋದ.
ಶನಿವಾರ ಕಾಖೇತಿಯಿಂದ ಲಾರಿ ಬರುತ್ತದೆ.
ದ್ರಾಕ್ಷಿ ಯಾರಿಗೂ ಕಾಯುವುದಿಲ್ಲ.

ಮೊದಲು ಪಂಚು. ಒಂದೇ ಏಟು.
"ಚುಕ್ಕೆ ತಪ್ಪಿದರೆ ಊರೇ ತಪ್ಪೀತು."
ಆಮೇಲೆ ಎಂಟು ಮಿಲ್ಲಿಯ ಬೈರಿಗೆ, ಆಮೇಲೆ ಹದಿನಾರು,
ಇಪ್ಪತ್ನಾಲ್ಕು, ಕಟ್ಟಕಡೆಗೆ ಮೂವತ್ತೆರಡು.
ಒಂದೇ ಗುಕ್ಕಿಗೆ ನುಂಗಲು ಹೋದವನೊಬ್ಬನ
ಮಣಿಕಟ್ಟು ತಿರುಚಿದ ಕತೆ ಹೇಳಿದ.
ಹೆಸರು ಹೇಳಲಿಲ್ಲ.
ಮಾವನ ಎಡ ಮಣಿಕಟ್ಟು ಸೊಟ್ಟಗಿದೆ.

ಮೂವತ್ತೆರಡಕ್ಕೆ ಉಕ್ಕು ಕಿರುಚಿತು.
ಸುರುಳಿಗಳು ಬಿಸಿಬಿಸಿ, ನೀಲಿ ನೀಲಿ.
"ಒಣಹುಲ್ಲಿನ ಬಣ್ಣವಾದರೆ ನಡೆ,
ನೀಲಿ ಕಂಡರೆ ನಿಲ್ಲು."
ಎಣ್ಣೆ ಮುಗಿದಿತ್ತು. ಓಡಿಹೋಗಿ ಅಡುಗೆಮನೆಯಿಂದ
ಅಮ್ಮನ ಹಂದಿಕೊಬ್ಬಿನ ಡಬ್ಬಿ ತಂದೆ.
ಕೊಬ್ಬಿದ್ದನ್ನು ಕೊಬ್ಬಿನಿಂದಲೇ ಇಳಿಸಿದೆವು.
ಗ್ಯಾರೇಜಿನ ತುಂಬ ಹಬ್ಬದ ಹುರಿದ ವಾಸನೆ.
ಸದ್ದಿಗೆ ಬೈಯಲೆಂದೇ ಮೂರನೇ ಮಹಡಿಯ
ಲುದ್ಮಿಲಾ ಕಿಟಕಿ ತೆರೆದಳು. ತೆರೆದು ಕೇಳಿದ್ದು:
"ಏನು ಕರಿಯುತ್ತಿದ್ದೀರಿ?"

ತೂತು ಆಯಿತು. ತೂತೆಂದರೆ ಬರಿಯ ಇಲ್ಲದಿರುವಿಕೆ.
ಅದರೊಳಗೆ ಎಳೆ ಕೊಯ್ಯುವುದು ಬೇರೆಯೇ ವಿದ್ಯೆ.
ಮೋಟಾರು ಆರಿಸಿದ. ಟ್ಯಾಪಿನ ಹಿಡಿಗೆ
ನೀರಿನ ಪೈಪು ತೂರಿಸಿ ಉದ್ದ ಮಾಡಿದ.
ಮಾಡಿ, ನನ್ನ ಕೈಗೆ ಕೊಟ್ಟ.
ಅವನ ಕೈ ಈಗೀಗ ಲೋಟದ ಚಹಾ ಚೆಲ್ಲುತ್ತದೆ.
ನಾನು ಔಷಧಿ ಅಂಗಡಿಯವಳು. ಮಿಲಿಗ್ರಾಮಿಗೆ ಹೆದರಿ ಗೊತ್ತು,
ಮಿಲಿಮೀಟರಿಗೆ ಹೆದರಿದ್ದು ಅವತ್ತೇ.

ಅರ್ಧ ಸುತ್ತು ಮುಂದೆ.
ಕಾಲು ಸುತ್ತು ಹಿಂದೆ.
ಹಿಂದೆ ಬರುವಾಗ ಟಿಕ್ಕೆಂದು ಚೂರು ಮುರಿಯುತ್ತದೆ;
ಆ ಟಿಕ್ಕು ಕೇಳಿದ ಮೇಲೆಯೇ ಮುಂದೆ.
ಮಾವ ಮೂಲೆಮಟ್ಟ ಆನಿಸಿ, ಒಂದು ಕಣ್ಣು ಮುಚ್ಚಿ,
ಈ ಕಡೆಯಿಂದ ನೋಡಿದ, ಆ ಕಡೆಯಿಂದ ನೋಡಿದ.
"ನಡಿ ಎತೇರಿ, ನಡಿ."

ಆರನೇ ಸುತ್ತಿಗೆ ಕಚ್ಚಿಕೊಂಡಿತು.
ಪೈಪು ಬಾಗಿತು. ನಾನು ಹಲ್ಲು ಕಚ್ಚಿ ಮೈಯೆಲ್ಲ ಹಾಕಿದೆ.
"ಬಿಡು!"
ಮುರಿದ ಟ್ಯಾಪು ಉಕ್ಕಿಗಿಂತ ಗಟ್ಟಿಯಂತೆ,
ಒಳಗೆ ಮುರಿದರೆ ಅದನ್ನು ತೆಗೆಯುವ ಯಂತ್ರ
ಕಾರ್ಖಾನೆ ನಡೆಯುತ್ತಿದ್ದಾಗ ಇತ್ತಂತೆ.
ರೋಲಿಂಗ್ ಮಿಲ್ಲು ತಿಂದುಹಾಕಿದ ಕಿವಿ ಅವನದು.
ಅಂಗೈಯನ್ನು ಉಕ್ಕಿನ ಮೇಲಿಟ್ಟ,
ಮಗುವಿನ ಜ್ವರ ನೋಡುವ ಹಾಗೆ.
"ಹೊಟ್ಟೆ ತುಂಬಿದೆ ಅದಕ್ಕೆ."
ಪೂರ್ತಿ ಬಿಚ್ಚಿ, ಚೂರು ಉದುರಿಸಿ, ಕೊಬ್ಬು ಸವರಿ,
ಮತ್ತೆ ಮೊದಲಿನಿಂದ.

ತುದಿ ಕೆಳಗೆ ಇಣುಕಿದಾಗ ಹೊರಗೆ ಕತ್ತಲು.
ಸೀಮೆಎಣ್ಣೆಯಲ್ಲಿ ತೊಳೆದು ಬೆರಳು ತೂರಿಸಿದೆ:
ಸುತ್ತಿ ಸುತ್ತಿ ಇಳಿಯುವ ಮೆಟ್ಟಿಲು,
ಹೊಳೆಯುವ ಮೆಟ್ಟಿಲು. ಬೆರಳು ಕೊಯ್ಯಿತು.
ಹಳೆಯ ಸ್ಕ್ರೂ ಇಟ್ಟು ಒಂದೇ ಬೆರಳಲ್ಲಿ ನೂಕಿದೆ.
ಇಳಿಯಿತು, ತಕರಾರಿಲ್ಲದೆ.

ಶನಿವಾರ ರಸ ಹರಿಯಿತು. ಬಂದವರೆಲ್ಲ ಹೊಗಳಿದರು.
ಹಿಂಡುವ ಹಲಗೆ ಮಾತ್ರ ತುಸು ಎಡಕ್ಕೆ ವಾಲುತ್ತದೆ.
ಎಡಗಡೆಯ ಸಿಪ್ಪೆ ಒಣ, ಬಲಗಡೆಯದು ಒದ್ದೆ.
ಅಂದರೆ, ಮೊದಲ ಸುತ್ತಿನಲ್ಲೇ
ಮೂಲೆಮಟ್ಟಕ್ಕೂ ಟ್ಯಾಪಿಗೂ ನಡುವೆ
ಕೂದಲೆಳೆಯಷ್ಟು ಬೆಳಕು ಇದ್ದಿರಬೇಕು.
"ನಿನಗೆ ಕಂಡಿತ್ತೇ?" ಎಂದೆ.

ಮಾವ ಬಲಗಡೆಯ ಒದ್ದೆ ಸಿಪ್ಪೆ
ಒಂದು ಹಿಡಿ ಎತ್ತಿ, ಕೈಯಲ್ಲೇ ಹಿಂಡಿದ.
ಎರಡು ಹನಿ ಲೋಟಕ್ಕೆ,
ಎರಡು ಅವನ ಚಪ್ಪಲಿಯ ಮೇಲೆ.