ಎರಡು ಮೈಕ್ರಾನ್

ಎರಡು ಮೈಕ್ರಾನ್ ಹೆಚ್ಚಾತು ಅಂತ
ಪಾಸಾಗಲಿಲ್ಲ ಈ ಉಂಗುರ.
ಕೆಂಪು ಡಬ್ಬಿಯಿಂದ ಎತ್ತಿ
ಮಗಳ ಉಡದಾರಕ್ಕ ಕಟ್ಟೇನಿ.

ಇದರ ಜೋಡಿ ಹುಟ್ಟಿದ್ದು, ಹದಿನೇಳನೇ ನಂಬರಿಂದು,
ಖಾಸಗಿ ನೌಕೆ ನಿಲ್ದಾಣಕ್ಕ ಕೂಡೂ ಬಾಗಿಲದಾಗ ಕುಂತು
ನಾಲ್ಕು ಮಂದಿ ಉಸಿರು ಸೋರದಂಗ ಹಿಡದದ.
ಅವರಾಗ ಒಬ್ಬಾಂವ ಸೀಟಿಗೆ ಕೊಟ್ಟ ರೊಕ್ಕಕ್ಕ
ನಮ್ಮ ಭೋಸರಿ ಎಂಐಡಿಸಿಯ ಅರ್ಧ ಸಾಲು ಬರತಿತ್ತಂತ,
ಕಾಳಭೋರ ಮಾಮಾನ ಲೆಕ್ಕ.
ಉಂಗುರಕ್ಕ ಎಷ್ಟು ಅಂತ ನಾ ಕೇಳಲಿಲ್ಲ.

ಸಂಜಿ ಏಳೂವರಿಗೆ ಗಚ್ಚಿ ಏರಿದಿವಿ.
ಚಿಂಚವಡದ ಕಡೆಯಿಂದ ಬಂತು, ಮಿಣುಕದ ಚುಕ್ಕಿ;
ಆಳಂದಿ ಮುಟ್ಟೂದರಾಗ ನೆರಳು ನುಂಗಿತು.

“ಅವ್ವಾ, ಬಾಗಿಲ ಬಡದರ
ಒಳಗಿನವರು ಯಾರು ಅಂತ ಕೇಳತಾರೇನು?”

ಹೇಳಾಕ ಬಾಯಿ ತೆಗದೆ.
ಆಕಿ ಉಂಗುರದಾಗ ಕಿರಿಬೆರಳು ಸಿಗಿಸಿಕೊಂಡು
ಬಿಡಿಸಲಾರದ ನಿಂತಿದ್ದಳು.
ಕೊಬ್ಬರಿ ಎಣ್ಣಿ ಹಚ್ಚಿ
ಮೆಲ್ಲಕ ತಿರುವಿದೆ.