ಎರಡು ಕುರ್ಚಿಯ ಜಾಗ

ಮಲ್ಪೆಯಲ್ಲಿ ಹರಾಜಿಗೆ ಬಿದ್ದ ಬೋಟು
ಹುಲಿಕಲ್ ಘಾಟಿ ಹತ್ತಿ, ಲಾರಿಯ ಬೆನ್ನೇರಿ ಬಂತು.
ಲಕ್ಕವಳ್ಳಿಯ ಹುಡುಗರು ಅದರ ಹೊಟ್ಟೆ ಸವರಿ
ಬೆರಳು ನೆಕ್ಕಿ ನೋಡಿದರು:
ಉಪ್ಪು, ಇನ್ನೂ ಉಪ್ಪು!

ಕ್ಯಾಬಿನ್ನಿನ ತಲೆಯ ಮೇಲೊಂದು ಅಟ್ಟ,
ಅಲ್ಲಿ ಸ್ಟಿಯರಿಂಗು, ಹಾರನ್ನು, ಬಿರುಕು ಬಿಟ್ಟ ಗಾಜು.
ಕಾಗದಪತ್ರದಲ್ಲಿ ಅದರ ಹೆಸರು ಬ್ರಿಡ್ಜು.
ಸೇತುವೆ ಅಂದಮೇಲೆ ಆಚೆ ದಡ ಈಚೆ ದಡ ಇರಬೇಕಲ್ಲ,
ಇದಕ್ಕಿರುವುದು ಮೇಲೆ ಮತ್ತು ಕೆಳಗೆ.
ನಡುವೆ, ಒಳಗಿಂದೊಳಗೇ, ಒಂದು ಏಣಿ:
ಎಂಟು ಮೆಟ್ಟಿಲು, ಛಾವಣಿಯಲ್ಲೊಂದು ಕಿಂಡಿ,
ಕಿಂಡಿಗೆ ಹಲಗೆಯ ಮುಚ್ಚಳ.

ಹೂಳು ಅಳೆಯಲು ಬಂದ ಇಂಜಿನಿಯರು ಚಂದ್ರಕೀರ್ತಿಯವರು
ಟೇಪು ಬಿಚ್ಚಿ ಮೊದಲು ಅಳೆದದ್ದು ಇದನ್ನೇ.
"ಹಿಂದುಗಡೆ ಹೊರಗೊಂದು ಏಣಿ ಇದೆಯಲ್ಲಯ್ಯ, ಸೆಲ್ವರಾಜ.
ಇದು ತಿಂತಾ ಇರೋದು ಎರಡು ಕುರ್ಚಿಯ ಜಾಗ.
ಕೊಯ್ಸಿಬಿಡು."

ತರೀಕೆರೆಯಿಂದ ಮುನೀರ್ ಬಂದ, ಸಿಲಿಂಡರು ಇಳಿಸಿದ,
ಕನ್ನಡಕ ಹಣೆಗೇರಿಸಿ ಬೆಸುಗೆಗೆ ಉಗುರು ತಾಗಿಸಿದ.
"ಹತ್ತಿದ ಏಣಿ ಒದೀಬಾರದು ಅಂತಾರಲ್ಲಣ್ಣ,
ಇದನ್ನ ಒದ್ದರೆ ಮುರಿಯೋದು ನಿನ್ನ ಕಾಲೇ.
ಯಾವನೋ ಪುಣ್ಯಾತ್ಮ ಮನಸ್ಸಿಟ್ಟು ಮಾಡಿದಾನೆ.
ಇವತ್ತು ಕೈ ಬರ್ತಿಲ್ಲ, ನಾಳೆ ಬರ್ತೀನಿ."
ನಾಳೆ ಅವನು ಬರಲಿಲ್ಲ.
ಗಾಳಿ ಬಂತು.

ಮುತ್ತೋಡಿ ಕಾಡಿನ ಕಡೆಯಿಂದ ಬರುವ ಆಷಾಢದ ಗಾಳಿ
ಭದ್ರೆಯನ್ನು ಚಾಪೆಯ ಹಾಗೆ ಸುತ್ತಿ ಕೊಡವುತ್ತದೆ.
ಅಡಿಯಲ್ಲಿ, ಮುಳುಗಿದ ಕಾಡಿನ ಬೊಡ್ಡೆಗಳು
ನಿಂತಲ್ಲೇ ನಿಂತಿವೆ, ಮೊಳಕಾಲಿಗೆ ಮೊಳೆ ಹಿಡಿದ ಹಾಗೆ.
ಅವನ್ನು ಕಾಣಬೇಕಾದರೆ ಮೇಲಿರಬೇಕು.
ಕೆಮ್ಮತೊಡಗಿದ ಇಂಜಿನ್ನು ಕೇಳಬೇಕಾದರೆ ಕೆಳಗಿರಬೇಕು.
ನಾನಿರುವುದು ಒಬ್ಬ.

ಹೊರಗಿನ ಏಣಿ ಆವತ್ತು
ಬೋಟು ಓಲಿದಾಗೆಲ್ಲ ನೀರಿನ ಮೇಲೆ ಚಾಚಿಕೊಳ್ಳುತ್ತಿತ್ತು,
ಮಳೆ ಒಂದೇ ಅದನ್ನು ಹತ್ತಿ ಇಳಿಯುತ್ತಿದ್ದದ್ದು.
ನಾನು ಚಕ್ರವನ್ನು ಹುಡುಗನ ಕೈಗಿತ್ತು
ಕಿಂಡಿಯೊಳಗೆ ಕಾಲಿಟ್ಟೆ.
ಎಂಟು ಮೆಟ್ಟಿಲು ಇಳಿದು, ಡೀಸೆಲ್ ಫಿಲ್ಟರಿನ ಕಸ ಊದಿ,
ಎಂಟು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ
ಹುಡುಗ ಇನ್ನೂ ಅದೇ ದೇವರ ಹೆಸರು ಹೇಳುತ್ತಿದ್ದ.
ಒಗೆದ ಅಂಗಿ ಒಗೆದ ಹಾಗೇ ಇತ್ತು, ಒಣಗಿಕೊಂಡು.

ಅಂದಿನಿಂದ ಗಮನಿಸುತ್ತಿದ್ದೇನೆ,
ಏಣಿ ಬರೀ ಕಾಲಿನದಲ್ಲ.
ಸ್ಪ್ಯಾನರು ಹತ್ತುತ್ತದೆ, ಚಹಾದ ಲೋಟ ಹತ್ತುತ್ತದೆ,
ಆಳ ಓದುವ ಕಡೂರಿನ ಹುಡುಗಿ ಪ್ರಫುಲ್ಲಾಳ ದನಿ
"ಹದಿನೇಳೂವರೆ! ಹದಿನೇಳು! ನಿಲ್ಸಿ, ನಿಲ್ಸಿ, ಒಂಬತ್ತು!"
ಗಾಳಿಗೆ ಸಿಗದೆ ನೆಟ್ಟಗೆ ನನ್ನ ಪಾದಕ್ಕೆ ಬರುತ್ತದೆ.
ನನ್ನ ಬೀಡಿಯ ಹೊಗೆ ಕೆಳಗಿಳಿದು
ಅವಳ ಬೈಗುಳ ಮೇಲೆ ಬರುತ್ತದೆ.

ನನ್ನ ತಾತ ಧರ್ಮಪುರಿಯಿಂದ ಬಂದವನು,
ಈ ಕಟ್ಟೆಗೇ ಗಾರೆ ಹೊತ್ತವನು.
ಅವನ ಏಣಿ ಬಿದಿರಿನದು, ಹೊರಗಿನದು,
ಒಂದು ಮಗ್ಗುಲಿಗೆ ಗೋಡೆ,
ಇನ್ನೊಂದು ಮಗ್ಗುಲಿಗೆ ಏನೂ ಇಲ್ಲ.
ಒಂದು ಶನಿವಾರ ಹದಿನೆಂಟು ಸಲ ಹತ್ತಿ
ಹದಿನೇಳು ಸಲ ಇಳಿದ.
ಹದಿನೆಂಟನೆಯದನ್ನು ಅಜ್ಜಿ
ಎಂದೂ ಇಳಿದದ್ದೆಂದು ಲೆಕ್ಕ ಹಿಡಿಯಲಿಲ್ಲ.
ಇದನ್ನು ಚಂದ್ರಕೀರ್ತಿಯವರಿಗೆ ನಾನು ಹೇಳಿಲ್ಲ.
ಕುರ್ಚಿಯ ಮಾತು ಅವರೂ ಮತ್ತೆ ಎತ್ತಿಲ್ಲ.

ಈಗ ಮಧ್ಯಾಹ್ನ ಒಂದಕ್ಕೆ,
ಕರವಸ್ತ್ರ ಹಾಸಿ ಮೂರನೇ ಮೆಟ್ಟಿಲ ಮೇಲೆ ಕೂತು
ಎರಡನೆಯದರ ಮೇಲೆ ಕಾಲಿಟ್ಟು, ಐದನೆಯದರ ಮೇಲೆ ನೀರಿನ ಬಾಟಲಿಯಿಟ್ಟು
ಅವರು ಬುತ್ತಿ ಬಿಚ್ಚುತ್ತಾರೆ, ಕತ್ತಲಾಗುವ ಮುಂಚಿನ ಊಟವನ್ನೂ
ಎಷ್ಟೋ ದಿನ ಅಲ್ಲೇ ಮುಗಿಸುತ್ತಾರೆ.
ಇಂಜಿನ್ನು ಕೆಮ್ಮಿದರೆ ನಾನು ಕಿಂಡಿಯಿಂದ ಬಗ್ಗುತ್ತೇನೆ:
ಸ್ವಲ್ಪ ಜರುಗಿ ಸಾರ್,
ದಾರಿ ಬೇಕು.